ಸಂಜೆಯ ಇಂಟರ್‌ನೆಟ್

1996ರ ಡಿಸೆಂಬರ್ 24ರಂದು ರಷ್ಯನ್ ಭಾಷೆಯಲ್ಲಿ ಒಂದು ಅಂಕಣ ಶುರುವಾಯಿತು. ಹೆಸರು ‘ವೆಚೆರ್ನಿ ಇಂಟರ್‌ನೆಟ್’. ಕನ್ನಡದಲ್ಲಿ ಹೇಳುವುದಾದರೆ ‘ಸಂಜೆಯ ಇಂಟರ್‌ನೆಟ್’. ನಮ್ಮಲ್ಲಿ ‘ಸಂಜೆವಾಣಿ’ ಇದ್ದ ಹಾಗೆ ಸೋವಿಯತ್ ಕಾಲದ ದೊಡ್ಡ ನಗರಗಳಲ್ಲಿ ಸಂಜೆ ಪತ್ರಿಕೆಗಳಿರುತ್ತಿದ್ದವು. ಮಾಸ್ಕೋದ್ದು ‘ವೆಚೆರ್ನ್ಯಾಯಾ ಮೊಸ್ಕ್ವಾ’. ಬೀದಿಯೂ ಇಲ್ಲದ, ಗೋಡೆಯೂ ಇಲ್ಲದ ಈ ಹೊಸ ಊರಿಗೂ ಒಂದು ಸಂಜೆ ಪತ್ರಿಕೆ ಬೇಡವೇ ಎಂಬ ತುಂಟತನ ಆ ಹೆಸರಿನಲ್ಲಿತ್ತು. ಅಂಕಣ ಪ್ರಕಟವಾಗುತ್ತಿದ್ದುದು ಸಿಟಿಲೈನ್ ಎಂಬ, ಇಂಟರ್‌ನೆಟ್ ಸಂಪರ್ಕ ಕೊಡುವ ಮಾಸ್ಕೋ ಕಂಪನಿಯ ತಾಣದಲ್ಲಿ. ಬರೆಯುವವನು ಮಾತ್ರ ಇಸ್ರೇಲಿನಲ್ಲಿ ಕೂತಿದ್ದ. ಅವನೇ ಆಂಟನ್ ನೋಸಿಕ್. ಆಗ ವಯಸ್ಸು ಮೂವತ್ತು.

ಆ ದಿನ ಎಲ್ಲಿ ಯಾವ ಹೊಸ ತಾಣ ಹುಟ್ಟಿತು, ಯಾರು ಯಾರನ್ನು ಬೈದರು, ಯಾವ ಕಂಪನಿ ಯಾರಿಗೆ ಟೋಪಿ ಹಾಕಿತು, ಇಂಥದ್ದನ್ನೆಲ್ಲ ಅವನು ಮನೆಯ ಜಗಲಿಯ ಮೇಲೆ ಕೂತು ಹರಟೆ ಹೊಡೆದ ಹಾಗೆ ಬರೆಯುತ್ತಿದ್ದ. ಹೇಳಿದ ಮಾತಿಗೆ ಕೊಂಡಿ ಇರುತ್ತಿತ್ತು. ನಂಬಿಕೆ ಬರದಿದ್ದರೆ ಒತ್ತಿ, ಹೋಗಿ ನೋಡಿಕೊಂಡು ಬನ್ನಿ. ಇಂದು ನಮಗೆ ಇದು ನಲ್ಲಿ ತಿರುಗಿಸಿದರೆ ನೀರು ಬಂದಷ್ಟು ಸಾಮಾನ್ಯ. ಎಪ್ಪತ್ತು ವರ್ಷ ಪತ್ರಿಕೆಯಲ್ಲಿ ಬಂದದ್ದಕ್ಕೆ ಆಧಾರ ಕೇಳುವ ಅಭ್ಯಾಸವೇ ಇಲ್ಲದಿದ್ದ ಓದುಗರಿಗೆ ಆಗ ಅದು ಹೊಸದು. ಈ ಕೊಂಡಿಯ ವಿಚಾರವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನೋಸಿಕ್ ಹುಟ್ಟಿದ್ದು 1966ರ ಜುಲೈ 4ರಂದು, ಮಾಸ್ಕೋದಲ್ಲಿ. ತಂದೆ ಬೊರಿಸ್ ನೋಸಿಕ್ ಲೇಖಕ, ಅನುವಾದಕ. ಮುಂದೆ ಫ್ರಾನ್ಸಿನಲ್ಲಿ ನೆಲೆಸಿದವನು. ತಾಯಿ ವಿಕ್ತೋರಿಯಾ ಮೊಚಾಲೋವಾ ಸ್ಲಾವಿಕ್ ಭಾಷೆ ಸಾಹಿತ್ಯಗಳ ವಿದ್ವಾಂಸೆ. ಮಲತಂದೆ ಇಲ್ಯಾ ಕಬಾಕೊವ್ ಜಗತ್ಪ್ರಸಿದ್ಧ ಕಲಾವಿದ. ಒಬ್ಬ ಮನುಷ್ಯ ತನ್ನ ಬಾಡಿಗೆ ಕೋಣೆಯ ತಾರಸಿ ಒಡೆದುಕೊಂಡು ಬಾಹ್ಯಾಕಾಶಕ್ಕೆ ಹಾರಿಹೋದ ಮೇಲೆ ಉಳಿದ ಕೋಣೆ ಹೇಗಿರುತ್ತದೆ ಎಂದು ಮಾಡಿ ತೋರಿಸಿದವನು ಈ ಕಬಾಕೊವ್. ಇಂಥ ಮನೆಯಲ್ಲಿ ಸರ್ಕಾರದ ಮಾತನ್ನು ಯಾರೂ ಅಕ್ಷರಶಃ ನಂಬುತ್ತಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಹುಡುಗ ಓದಿದ್ದು ವೈದ್ಯಕೀಯ. (ಇನ್ನೊಬ್ಬ ಆಂಟನ್, ನಮ್ಮೆಲ್ಲರ ಚೆಕಾವ್, ಕೂಡ ವೈದ್ಯನೇ. ಆದರೆ ಆತ ರೋಗಿಗಳನ್ನು ಬಿಡಲಿಲ್ಲ. ಈತ ಪದವಿ ಪಡೆದ ಬೆನ್ನಿಗೇ ಬಿಟ್ಟ.) 1990ರಲ್ಲಿ, ಸೋವಿಯತ್ ಗಡಿ ಸಡಿಲಗೊಂಡು ಯಹೂದಿಗಳು ಲಕ್ಷಗಟ್ಟಲೆ ಹೊರಟಾಗ, ನೋಸಿಕ್ ಕೂಡ ಇಸ್ರೇಲಿಗೆ ಹೋದ. ಅಲ್ಲಿ ವಲಸಿಗರಿಗಾಗಿಯೇ ರಷ್ಯನ್ ದಿನಪತ್ರಿಕೆಗಳು ಹುಟ್ಟಿಕೊಂಡಿದ್ದವು. ‘ವೆಸ್ತಿ’ ಎಂಬ ಪತ್ರಿಕೆಯಲ್ಲಿ ಬರೆಯುತ್ತ ಪತ್ರಕರ್ತನಾದ.

ಹೊರದೇಶದಲ್ಲಿ ಕೂತು ತಾಯ್ನುಡಿಯಲ್ಲಿ ಬರೆಯುವ ನಮ್ಮಂಥವರಿಗೆ ರಷ್ಯನ್ ಇಂಟರ್‌ನೆಟ್ಟಿನ ಈ ಮೊದಲ ಅಧ್ಯಾಯ ತೀರ ಪರಿಚಿತ ಅನ್ನಿಸುತ್ತದೆ. ಅದನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ರಷ್ಯಾದಲ್ಲಿ ಇರಲೇ ಇಲ್ಲ. 1995ರ ನವೆಂಬರಿನಲ್ಲಿ ದಿನಕ್ಕಿಷ್ಟು ನಗೆಹನಿ ಹಾಕುವ ತಾಣ ಶುರುಮಾಡಿದ ದ್ಮಿತ್ರಿ ವೆರ್ನೆರ್ ಅಮೆರಿಕದ ಕೆಂಟಕಿಯಲ್ಲಿ ಖಭೌತ ವಿಜ್ಞಾನಿ. ಮೊದಲ ಪ್ರಯೋಗಗಳನ್ನು ಮಾಡಿದ ರೊಮಾನ್ ಲೈಬೊವ್ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಮೇಷ್ಟ್ರು. ಹೊರಗಿದ್ದವರಿಗೆ ಒಳ್ಳೆಯ ಸಂಪರ್ಕವಿತ್ತು. ಅದಕ್ಕಿಂತ ಮುಖ್ಯವಾಗಿ, ಸಂಜೆಯಾದರೆ ತಮ್ಮ ಭಾಷೆಯಲ್ಲಿ ಮಾತಾಡಲು ಜನ ಬೇಕಿತ್ತು.

ಅವರ ತಾಪತ್ರಯವೂ ನಮ್ಮದೇ. ರಷ್ಯನ್ ಅಕ್ಷರಗಳಿಗೆ ಒಂದಕ್ಕಿಂತ ಹೆಚ್ಚು ಸಂಕೇತ ಪದ್ಧತಿಗಳಿದ್ದವು. ಯೂನಿಕ್ಸ್‌ನವರದು ಕೆಒಐ-8, ವಿಂಡೋಸ್‌ನವರದು 1251, ಮ್ಯಾಕಿನದು ಇನ್ನೊಂದು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಹಾವು ಚೇಳುಗಳ ಹಾಗೆ ಕಾಣುತ್ತಿತ್ತು. ಕೆಒಐ-8 ಮಾಡಿದವರ ಜಾಣತನ ಒಂದನ್ನು ಹೇಳಲೇಬೇಕು. ದಾರಿಯಲ್ಲಿ ಯಾವುದೋ ಹಳೆಯ ಯಂತ್ರ ಪ್ರತಿ ಅಕ್ಷರದ ಎಂಟನೆಯ ಬಿಟ್ಟನ್ನು ಕತ್ತರಿಸಿ ಹಾಕಿದರೂ, ಉಳಿದದ್ದು ಹೆಚ್ಚುಕಮ್ಮಿ ಅದೇ ಉಚ್ಚಾರದ ಲ್ಯಾಟಿನ್ ಅಕ್ಷರವಾಗುವಂತೆ ಅದನ್ನು ಜೋಡಿಸಿದ್ದರು. ಅಂದರೆ ರಷ್ಯನ್ ಕಾಗದ ಗಾಯಗೊಂಡರೂ ‘ಕಂಗ್ಲಿಷ್’ ರೂಪದಲ್ಲಿ ಬದುಕಿ ಉಳಿಯುತ್ತಿತ್ತು. ಅದೇ ದಶಕದಲ್ಲಿ ಕನ್ನಡದ ಒಂದೊಂದು ಪತ್ರಿಕೆಯ ತಾಣಕ್ಕೂ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕಾಗಿತ್ತು. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರಲ್ಲ, ಅಮೆರಿಕದಲ್ಲಿ ಉದ್ಯೋಗದಲ್ಲಿದ್ದುಕೊಂಡೇ, ಅದನ್ನು ನೆನೆದಾಗಲೆಲ್ಲ ನನಗೆ ಈ ರಷ್ಯನ್ನರು ನಮ್ಮ ದೂರದ ದಾಯಾದಿಗಳು ಅನ್ನಿಸುವುದುಂಟು.

ಹಾಗೆಂದು ಒಳಗೆ ಏನೂ ಇರಲಿಲ್ಲ ಎಂದಲ್ಲ. ಮಾಸ್ಕೋದ ಕುರ್ಚಾತೊವ್ ಅಣುಶಕ್ತಿ ಸಂಸ್ಥೆಯ ವಿಜ್ಞಾನಿಗಳೂ ಒಂದಿಷ್ಟು ಪ್ರೋಗ್ರಾಮರ್‌ಗಳೂ ಸೇರಿ 1990ರಲ್ಲೇ ‘ರೆಲ್‌ಕಾಮ್’ ಜಾಲ ಕಟ್ಟಿದ್ದರು. 1991ರ ಆಗಸ್ಟಿನಲ್ಲಿ ಗೊರ್ಬಚೊವ್ ವಿರುದ್ಧ ದಂಗೆಯೆದ್ದವರು ದೂರದರ್ಶನದಲ್ಲಿ ‘ಸ್ವಾನ್ ಲೇಕ್’ ನೃತ್ಯ ಹಾಕಿ ಕೂತರು, ಪತ್ರಿಕೆಗಳಿಗೆ ಬೀಗ ಹಾಕಿದರು. ರೆಲ್‌ಕಾಮನ್ನು ಮುಟ್ಟಲಿಲ್ಲ. ಅಂಥದ್ದೊಂದು ಇದೆಯೆಂಬುದೇ ಅವರ ಲೆಕ್ಕದಲ್ಲಿರಲಿಲ್ಲ. ಮೂರು ದಿನ ಆ ತಂತಿಗಳ ಮೇಲೆ ಊರೂರಿನ ಸುದ್ದಿ ಹೋಗುತ್ತಿತ್ತು, ಬರುತ್ತಿತ್ತು. ಅಧಿಕಾರದಲ್ಲಿರುವವರ ಕಣ್ಣಿಗೆ ಬೀಳದಷ್ಟು ಸಣ್ಣದಾಗಿರುವುದೇ ರಷ್ಯನ್ ಇಂಟರ್‌ನೆಟ್ಟಿನ ಮೊದಲ ಸ್ವಾತಂತ್ರ್ಯ. ಮುಂದಿನ ಕಥೆಯೆಲ್ಲ ಅದು ಕಣ್ಣಿಗೆ ಬಿದ್ದ ಮೇಲಿನದು.

1997ರಲ್ಲಿ ನೋಸಿಕ್ ಮಾಸ್ಕೋಗೆ ಮರಳಿದ. ತಲೆಯ ಮೇಲೆ ಯಹೂದಿ ಟೋಪಿ, ಬಾಯಲ್ಲಿ ಎಡೆಬಿಡದ ಮಾತು. 1998ರ ಆಗಸ್ಟಿನಲ್ಲಿ ರಷ್ಯಾ ಸಾಲ ತೀರಿಸಲಾರೆನೆಂದು ಕೈಯೆತ್ತಿತು, ರೂಬಲ್ ಕುಸಿಯಿತು. ಕಾಗದ, ಅಚ್ಚು, ಸಾಗಣೆಯ ಖರ್ಚಿಲ್ಲದ ಪತ್ರಿಕೆ ಮಾಡಲು ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ. 1999 ಒಂದೇ ವರ್ಷದಲ್ಲಿ ನೋಸಿಕ್ ಮತ್ತವನ ತಂಡ ‘ಗಜೇತಾ.ರು’ವನ್ನು ಕಟ್ಟಿತು, ಅದು ಯೂಕೋಸ್ ಎಂಬ ತೈಲ ಕಂಪನಿಯ ಕೈ ಸೇರಿತು. ಹೊರಬಂದು ‘ವೆಸ್ತಿ.ರು’, ‘ಲೆಂತಾ.ರು’ಗಳನ್ನು ಕಟ್ಟಿತು. ಲೆಂತಾ ಅಂದರೆ ಪಟ್ಟಿ, ರಿಬ್ಬನ್. ಸುದ್ದಿಯ ಸುರುಳಿ ಬಿಚ್ಚುತ್ತಲೇ ಇರುತ್ತದೆ ಎಂಬ ಅರ್ಥ. ಅದೇ ಸೆಪ್ಟೆಂಬರಿನಲ್ಲಿ ಮಾಸ್ಕೋದ ವಸತಿ ಕಟ್ಟಡಗಳು ಬಾಂಬಿಗೆ ಬಿದ್ದು ನೂರಾರು ಜನ ಸತ್ತರು. ರಾತ್ರಿಯ ಟೀವಿ ಸುದ್ದಿಯವರೆಗೆ ಕಾಯುವ ತಾಳ್ಮೆ ಜನರಿಗೆ ಆಮೇಲೆ ಉಳಿಯಲಿಲ್ಲ.

ನಾನು ಜರ್ಮನಿಗೆ ಬಂದು ಸೇರಿದ ಮೊದಲ ವರ್ಷಗಳಲ್ಲಿ ನೊವೊಸಿಬಿರ್ಸ್ಕ್ ಕಡೆಯ ಎಂಜಿನಿಯರ್ ಒಬ್ಬರು ನನ್ನ ಪಕ್ಕದ ಮೇಜಿನಲ್ಲಿದ್ದರು. ಊಟಕ್ಕೆ ಏಳುವ ಮುಂಚೆ ಲೆಂತಾ ತೆರೆಯದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನೋಸಿಕ್‌ನ ಹೆಸರು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಲೆಂತಾದಲ್ಲಿ ಏನು ವಿಶೇಷ ಎಂದು ಕೇಳಿದರೆ, ‘ಮೊದಲ ಪ್ಯಾರಾದಲ್ಲೇ ವಿಷಯ ಮುಗಿಯುತ್ತದೆ, ಎಲ್ಲಿಂದ ಬಂದದ್ದು ಅಂತಲೂ ಹೇಳುತ್ತಾರೆ’ ಎನ್ನುತ್ತಿದ್ದರು. ನೋಡಿದರೆ ಅದರಲ್ಲಿ ಅಲಂಕಾರವೇ ಇಲ್ಲ. ಚಿಕ್ಕ ಸುದ್ದಿ, ಒಣ ಭಾಷೆ, ಮೂಲಕ್ಕೆ ಕೊಂಡಿ.

ಈಗ ಕಥೆಯ ಕಹಿ ಭಾಗ. ಇದಕ್ಕೆಲ್ಲ ಆಸರೆಯಾಗಿದ್ದು ‘ಪರಿಣಾಮಕಾರಿ ರಾಜಕಾರಣದ ಪ್ರತಿಷ್ಠಾನ’ ಎಂಬ ಸಂಸ್ಥೆ. ಅದರ ಯಜಮಾನ ಗ್ಲೆಬ್ ಪಾವ್ಲೊವ್‌ಸ್ಕಿ, ಸೋವಿಯತ್ ಕಾಲದಲ್ಲಿ ಭಿನ್ನಮತೀಯ, ಆಮೇಲೆ ಕ್ರೆಮ್ಲಿನ್ನಿಗೆ ಚುನಾವಣೆ ಗೆಲ್ಲಿಸಿಕೊಡುವ ತಂತ್ರಗಾರ. 1996ರಲ್ಲಿ ಯೆಲ್ತ್ಸಿನ್‌ಗಾಗಿ ದುಡಿದ, 1999-2000ದಲ್ಲಿ ಪುಟಿನ್‌ಗಾಗಿ. ಆ ಪ್ರತಿಷ್ಠಾನದ ಇಂಟರ್‌ನೆಟ್ ವಿಭಾಗದ ಹೊಣೆ ನೋಸಿಕ್‌ನದು. ಸ್ವತಂತ್ರ ಸುದ್ದಿಯ ಮಗು ಹುಟ್ಟಿದ್ದು, ಹೀಗೆ, ಅಧಿಕಾರಕ್ಕೆ ಬೇಕಾದ ಅಭಿಪ್ರಾಯ ತಯಾರಿಸುವ ಕಾರ್ಖಾನೆಯ ಹಿತ್ತಿಲಲ್ಲಿ. ನೋಸಿಕ್‌ಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಡೆಯ ಯಾರಾದರೇನು, ಸುದ್ದಿಮನೆಯ ಕೆಲಸ ನೆಟ್ಟಗಿದ್ದರಾಯಿತು ಎಂಬುದು ಅವನ ಬದುಕಿನುದ್ದಕ್ಕೂ ಕಾಣುವ ಧೋರಣೆ. ಕಟ್ಟುವುದು, ನಾಲ್ಕಾರು ವರ್ಷ ನಡೆಸುವುದು, ಇನ್ನೊಬ್ಬರ ಕೈಗಿತ್ತು ಮುಂದಿನದಕ್ಕೆ ಹೋಗುವುದು. ತೋಟ ಮಾಡಿ ಬೇಲಿ ಹಾಕದೆ ಹೋದ ರೈತನ ಹಾಗೆ ಅವನು ನನಗೆ ಕಾಣುತ್ತಾನೆ. ಅವನ ಅಭಿಮಾನಿಗಳು ಇದನ್ನು ಒಪ್ಪಲಿಕ್ಕಿಲ್ಲ. ಬೇರೆ ಹಣ ಎಲ್ಲಿತ್ತು ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೂ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

1999ರ ಡಿಸೆಂಬರ್ 28ರಂದು ಪ್ರಧಾನಿ ಪುಟಿನ್ ಇಂಟರ್‌ನೆಟ್ ಮಂದಿಯನ್ನು ಮಾತುಕತೆಗೆ ಕರೆದ. ನೋಸಿಕ್ ಇದ್ದ, ವಿನ್ಯಾಸಕಾರ ಆರ್ತೆಮಿ ಲೆಬೆದೆವ್ ಇದ್ದ, ಪಾವ್ಲೊವ್‌ಸ್ಕಿ ಇದ್ದ, ರೆಲ್‌ಕಾಮ್ ಕಟ್ಟಿದ ಅಲೆಕ್ಸೇಯ್ ಸೊಲ್ದಾತೊವ್ ಇದ್ದ. ಡೊಮೇನ್ ಹೆಸರುಗಳ ನೋಂದಣಿಯನ್ನು ಸರ್ಕಾರದ ಹತೋಟಿಗೆ ತರುವ ಪ್ರಸ್ತಾಪವೊಂದು ಮಂತ್ರಿಗಳ ಕೈಯಲ್ಲಿತ್ತು. ಬಂದವರು ಜೋರಾಗಿ ವಿರೋಧಿಸಿದರು. ಇಂಥ ಕರಡುಗಳನ್ನು ನಿಮ್ಮ ಮುಂದೆ ಚರ್ಚೆಗೆ ಇಡದೆ ತೀರ್ಮಾನ ಮಾಡುವುದಿಲ್ಲ ಎಂದು ಪುಟಿನ್ ಮಾತು ಕೊಟ್ಟ. ಮೂರು ದಿನ ಕಳೆಯಿತು. ಯೆಲ್ತ್ಸಿನ್ ರಾಜೀನಾಮೆ ಕೊಟ್ಟ, ಮಾತು ಕೊಟ್ಟವನು ಹಂಗಾಮಿ ಅಧ್ಯಕ್ಷನಾದ.

ಪುಟಿನ್ ಆ ಮಾತನ್ನು ಬಹುಕಾಲ ಉಳಿಸಿಕೊಂಡದ್ದೂ ನಿಜ. 2001ರ ಏಪ್ರಿಲಿನಲ್ಲಿ ಸರ್ಕಾರಿ ಕಂಪನಿ ಗಾಜ್‌ಪ್ರೊಮ್ ಎನ್‌ಟಿವಿ ವಾಹಿನಿಯನ್ನು ನುಂಗಿತು. ಟೀವಿ ಒಂದೊಂದಾಗಿ ಕೈವಶವಾಯಿತು, ದೊಡ್ಡ ಪತ್ರಿಕೆಗಳ ಒಡೆಯರು ಬದಲಾದರು. ಇಂಟರ್‌ನೆಟ್ಟಿಗೆ ಕೈ ಹಾಕಲಿಲ್ಲ. ನೋಸಿಕ್ ಇದನ್ನು ಮುಂದೆಯೂ ನೆನಪಿಸುತ್ತಿದ್ದ. ಆದರೆ ಮಾತು ಕೊಟ್ಟವನು ಮಾತು ಹಿಂದಕ್ಕೆ ಪಡೆಯಲೂ ಬಹುದಲ್ಲ. ಕಾನೂನಿನಲ್ಲಿ, ಕೋರ್ಟಿನಲ್ಲಿ ಎಲ್ಲಿಯೂ ಬೇರು ಬಿಡದ ಸ್ವಾತಂತ್ರ್ಯ ಅದು. ಒಬ್ಬ ವ್ಯಕ್ತಿಯ ಮರ್ಜಿಯಿಂದ ನಿಂತದ್ದು.

2004ರಲ್ಲಿ ನೋಸಿಕ್ ಲೆಂತಾದ ಸಂಪಾದಕತ್ವವನ್ನು ಗಲೀನಾ ತಿಮ್ಚೆಂಕೊಗೆ ಬಿಟ್ಟುಕೊಟ್ಟ. ಆಕೆ 1999ರಿಂದ ಅಲ್ಲಿಯೇ ದುಡಿದು ಮೇಲೆ ಬಂದವಳು. ಅಷ್ಟು ಹೊತ್ತಿಗೆ ಅವನಿಗೆ ಇನ್ನೊಂದು ಹುಚ್ಚು ಹತ್ತಿತ್ತು: ಲೈವ್‌ಜರ್ನಲ್. ಅಮೆರಿಕದ ವಿದ್ಯಾರ್ಥಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ 1999ರಲ್ಲಿ ಗೆಳೆಯರಿಗೆ ದಿನಚರಿ ಬರೆದುಕೊಳ್ಳಲೆಂದು ಮಾಡಿದ ತಾಣ ಅದು. ಉಳಿದ ದೇಶಗಳಲ್ಲಿ ಹದಿಹರೆಯದವರ ಡೈರಿಯಾಗಿದ್ದದ್ದು ರಷ್ಯನ್ನರ ಕೈಯಲ್ಲಿ ಕವಿಗಳ, ಪತ್ರಕರ್ತರ, ಪ್ರೊಫೆಸರುಗಳ ಅರಳಿಕಟ್ಟೆಯಾಯಿತು. ಟೀವಿಯಲ್ಲಿ ಜಾಗ ಕಳೆದುಕೊಂಡ ಮಾತು ಅಲ್ಲಿಗೆ ಬಂದು ಕೂತಿತು. ನೋಸಿಕ್ ಅಲ್ಲಿ ಇಟ್ಟುಕೊಂಡ ಹೆಸರು ಒಂದು ಅಪ್ಪಟ ಬೈಗುಳ, ಅನುವಾದಿಸಿದರೆ ಈ ಸಂಕಲನದ ಸಂಪಾದಕರು ಸುಮ್ಮನಿರುವುದಿಲ್ಲ. ದೇಶದ ತುಂಬ ಓದುವ ಬ್ಲಾಗ್ ಅದಾಯಿತು. ಕಾಯಿಲೆ ಬಿದ್ದ ಮಕ್ಕಳಿಗೆ ಹಣ ಕೂಡಿಸುವ ‘ಪೊಮೊಗಿ.ಒರ್ಗ್’ ಎಂಬ ನಿಧಿಯನ್ನು ಅವನು 2005ರಲ್ಲಿ ಶುರುಮಾಡಿದ. 2006ರಲ್ಲಿ ಸುಪ್ ಎಂಬ ಕಂಪನಿ ಲೈವ್‌ಜರ್ನಲ್ಲಿನ ರಷ್ಯನ್ ಭಾಗವನ್ನು ನಡೆಸುವ ಹಕ್ಕು ಪಡೆಯಿತು, 2007ರ ಡಿಸೆಂಬರಿನಲ್ಲಿ ಪೂರ್ತಿ ತಾಣವನ್ನೇ ಕೊಂಡಿತು. ನೋಸಿಕ್ ಆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಅದರ ಸ್ಥಾಪಕರಲ್ಲೊಬ್ಬ ಅಲೆಕ್ಸಾಂಡರ್ ಮಾಮೂತ್ ಎಂಬ ಶ್ರೀಮಂತ. ಈ ಹೆಸರೂ ಮತ್ತೆ ಬರುತ್ತದೆ.

ಈ ಅರಳಿಕಟ್ಟೆಯಿಂದಲೇ ಅಲೆಕ್ಸೇಯ್ ನವಾಲ್ನಿ ಎಂಬ ವಕೀಲ ಎದ್ದ. ಸರ್ಕಾರಿ ಕಂಪನಿಗಳ ಷೇರು ಒಂದಿಷ್ಟು ಕೊಂಡು, ಷೇರುದಾರನ ಹಕ್ಕಿನಿಂದ ಲೆಕ್ಕ ಕೇಳಿ, ಸಿಕ್ಕಿದ ಕಾಗದಪತ್ರಗಳನ್ನು ಲೈವ್‌ಜರ್ನಲ್ಲಿಗೆ ಹಾಕುತ್ತಿದ್ದ. ಇದೂ ಕೊಂಡಿಯ ವಿದ್ಯೆಯೇ: ನನ್ನ ಮಾತು ನಂಬಬೇಡಿ, ದಾಖಲೆ ನೋಡಿ. 2011ರ ಡಿಸೆಂಬರಿನಲ್ಲಿ ಸಂಸತ್ ಚುನಾವಣೆಯ ಅಕ್ರಮದ ವಿರುದ್ಧ ಮಾಸ್ಕೋದಲ್ಲಿ ಜನಸಾಗರ ಸೇರಿತು. ಸೇರಿಸಿದ್ದು ಇಂಟರ್‌ನೆಟ್. ಅಲ್ಲಿಗೆ ಕಣ್ಣಿಗೆ ಬೀಳದಿರುವ ಕಾಲ ಮುಗಿಯಿತು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ನಡೆದದ್ದೂ ಬೇಗ. 2012ರಲ್ಲಿ ತಾಣಗಳ ಕಪ್ಪುಪಟ್ಟಿಯ ಕಾನೂನು ಬಂತು, ಮಕ್ಕಳ ರಕ್ಷಣೆಯ ಹೆಸರಿನಲ್ಲಿ. 2014ರ ಫೆಬ್ರವರಿಯಿಂದ ಕೋರ್ಟಿನ ಆದೇಶವಿಲ್ಲದೆ ತಾಣ ಮುಚ್ಚಿಸುವ ಅಧಿಕಾರ ಪ್ರಾಸಿಕ್ಯೂಟರ್‌ಗೆ ಸಿಕ್ಕಿತು. ಮಾರ್ಚ್ ಬಂತು, ಕ್ರಿಮಿಯಾ ಬಂತು.

ಆ ಮಾರ್ಚಿನ ಎರಡು ದಿನಗಳ ಮೇಲೆ ಮಾತ್ರ ಸ್ವಲ್ಪ ನಿಲ್ಲಬೇಕು. ಉಕ್ರೇನಿನ ‘ಪ್ರಾವಿ ಸೆಕ್ಟರ್’ ಎಂಬ ಉಗ್ರ ರಾಷ್ಟ್ರವಾದಿ ಸಂಘಟನೆಯ ಮುಖಂಡನೊಬ್ಬನ ಸಂದರ್ಶನವನ್ನು ಲೆಂತಾ ಪ್ರಕಟಿಸಿತ್ತು. ಅದರೊಳಗೆ, ಆ ಸಂಘಟನೆಯ ನಾಯಕ ದ್ಮಿತ್ರೊ ಯಾರೊಶ್‌ನ ಮಾತುಗಳಿದ್ದ ಬೇರೊಂದು ಪುಟಕ್ಕೆ ಕೊಂಡಿ ಇತ್ತು. ಸಂಪರ್ಕ ಮಾಧ್ಯಮಗಳ ಮೇಲ್ವಿಚಾರಣೆಯ ಸರ್ಕಾರಿ ಸಂಸ್ಥೆ ರೊಸ್ಕೊಮ್‌ನಾದ್ಜೊರ್ ಎಚ್ಚರಿಕೆ ನೋಟೀಸು ಕಳಿಸಿತು. ಕಾರಣ ಆ ಕೊಂಡಿ. ಮಾರ್ಚ್ 12ರಂದು ಲೆಂತಾದ ಒಡೆಯ ತಿಮ್ಚೆಂಕೊಳನ್ನು ಕೆಲಸದಿಂದ ತೆಗೆದ. ಒಡೆಯ ಯಾರು? ಮಾಮೂತ್. ಸುದ್ದಿಮನೆಯ ಬಹುಪಾಲು ಜನ ಆಕೆಯ ಬೆನ್ನಿಗೆ ನಿಂತು ಕೆಲಸ ಬಿಟ್ಟರು. ಮರುದಿನ, ಮಾರ್ಚ್ 13ರಂದು, ಗ್ರಾನಿ.ರು, ಕಾಸ್ಪರೊವ್.ರು ಮೊದಲಾದ ವಿರೋಧಿ ತಾಣಗಳ ಜೊತೆಗೆ ನವಾಲ್ನಿಯ ಲೈವ್‌ಜರ್ನಲ್ ಬ್ಲಾಗಿಗೂ ಬೀಗ ಬಿತ್ತು. ನೋಸಿಕ್ ಕಟ್ಟಿದ ಒಂದು ಮನೆ ಬುಧವಾರ ಬಿತ್ತು, ಬೆಳೆಸಿದ ಇನ್ನೊಂದರ ಬಾಗಿಲು ಗುರುವಾರ ಮುಚ್ಚಿತು. ಓದುಗ ತಾನೇ ನೋಡಿಕೊಳ್ಳಲಿ ಎಂದು ಸುದ್ದಿಯ ಕೆಳಗೆ ಇಡುತ್ತಿದ್ದ ಆ ಕೊಂಡಿಯೇ ದೋಷಾರೋಪವಾಗಿತ್ತು. ಬೇಲಿಯ ಮಾತು ಎತ್ತಿದೆನಲ್ಲ, ಅದು ಇದಕ್ಕಾಗಿ.

ಈ ವರ್ಷಗಳಲ್ಲಿ ನೋಸಿಕ್ ಪೂರ್ಣಾವಧಿ ರಾಜಕೀಯ ಬರಹಗಾರನಾಗಿದ್ದ. ಒಂದೊಂದು ಹೊಸ ಕಾನೂನು ಬಂದಾಗಲೂ ಅದು ತಾಂತ್ರಿಕವಾಗಿ ಎಷ್ಟು ಮೂರ್ಖತನದ್ದು, ಯಾರ ಜೇಬಿಗೆ ಲಾಭ ಎಂದು ಬಿಡಿಸಿಟ್ಟು ಬೈಯುತ್ತಿದ್ದ. ಅವನ ಬರವಣಿಗೆಯಲ್ಲಿ ಒಳ್ಳೆಯದು ಇದೇ ಎಂದು ನನ್ನ ಅನಿಸಿಕೆ. ಮಂತ್ರಿಗೆ ಇಂಟರ್‌ನೆಟ್ ಗೊತ್ತಿಲ್ಲ, ಇವನಿಗೆ ಗೊತ್ತು. ಆ ಅಂತರದಿಂದಲೇ ವಿಡಂಬನೆ ಹುಟ್ಟುತ್ತಿತ್ತು.

ಆದರೆ ಅವನನ್ನು ಕೋರ್ಟಿಗೆ ಎಳೆದದ್ದು ಆ ಬೈಗುಳಗಳಲ್ಲ. 2015ರ ಸೆಪ್ಟೆಂಬರ್ 30ರಂದು ರಷ್ಯಾ ಸಿರಿಯಾದ ಮೇಲೆ ಬಾಂಬು ಹಾಕಲು ಶುರುಮಾಡಿತು. ಮರುದಿನ ನೋಸಿಕ್, ಇಸ್ರೇಲಿನ ಪೌರನೂ ಆಗಿದ್ದವನು, ಸಿರಿಯಾವನ್ನು ಭೂಮಿಯ ಮೇಲಿಂದಲೇ ಅಳಿಸಿಹಾಕಬೇಕು ಎಂಬ ತಲೆಬರಹ ಹಾಕಿ, ಆ ದೇಶವನ್ನು ನಾಜಿ ಜರ್ಮನಿಗೆ ಹೋಲಿಸಿ ಬರೆದ. ಅದು ಕ್ರೂರ ಬರಹ. ಅಷ್ಟು ಓದಿದವನ, ಕಾಯಿಲೆಯ ಮಕ್ಕಳಿಗಾಗಿ ಬೇಡಿದವನ ಕೈಯಿಂದ ಬಂದದ್ದಕ್ಕೆ ಇನ್ನಷ್ಟು ಕ್ರೂರ. ದ್ವೇಷ ಪ್ರಚೋದನೆಯ 282ನೆಯ ಕಲಮಿನಡಿ ಮೊಕದ್ದಮೆ ನಡೆಯಿತು. ಪ್ರಾಸಿಕ್ಯೂಟರ್ ಎರಡು ವರ್ಷ ಸೆರೆವಾಸ ಕೇಳಿದ. 2016ರ ಅಕ್ಟೋಬರ್ 3ರಂದು ಕೋರ್ಟು 5 ಲಕ್ಷ ರೂಬಲ್ ದಂಡ ಹಾಕಿತು, ಮೇಲ್ಮನವಿಯಲ್ಲಿ ಅದು 3 ಲಕ್ಷಕ್ಕೆ ಇಳಿಯಿತು. ಬಾಂಬು ಹಾಕಿದ ಸರ್ಕಾರವೇ ಬಾಂಬು ಹಾಕಿ ಎಂದು ಬರೆದವನಿಗೆ ದಂಡ ವಿಧಿಸಿದ ವಿಚಿತ್ರವನ್ನು ಗಮನಿಸಬೇಕು. ನೋಸಿಕ್ ಬರೆದದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಅವನ ಮಾತನ್ನು ಒಪ್ಪದ ಎಷ್ಟೋ ಜನ ಆ ಕಲಮನ್ನೂ ಒಪ್ಪಲಿಲ್ಲ. ಇವತ್ತು ಇವನ ಮೇಲೆ ಬಂದದ್ದು ನಾಳೆ ಯಾರ ಮೇಲಾದರೂ ಬರುತ್ತದೆಂದು ಅವರಿಗೆ ಗೊತ್ತಿತ್ತು. ನಾನೂ ಆ ಗುಂಪಿನವನೇ. ಹಾಗೆ ನಿಲ್ಲುವುದು ಆರಾಮದ ಕೆಲಸವಲ್ಲ.

2016ರ ಡಿಸೆಂಬರಿನಲ್ಲಿ ಲೈವ್‌ಜರ್ನಲ್ಲಿನ ಸರ್ವರ್‌ಗಳು ಅಮೆರಿಕದಿಂದ ರಷ್ಯಾಕ್ಕೆ ಬಂದವು. ಮುಂದಿನ ಏಪ್ರಿಲಿನಲ್ಲಿ, ಬಳಕೆದಾರರು ರಷ್ಯನ್ ಕಾನೂನಿಗೆ ಬದ್ಧರು ಎಂಬ ಹೊಸ ಕರಾರು ಬಂತು. 2017ರ ಜುಲೈ 9ರಂದು, ಐವತ್ತೊಂದು ತುಂಬಿ ಐದು ದಿನಕ್ಕೆ, ನೋಸಿಕ್ ಹೃದಯಾಘಾತದಿಂದ ತೀರಿಕೊಂಡ. ರಾಜಕೀಯವಾಗಿ ಒಬ್ಬರ ಮುಖ ಒಬ್ಬರು ನೋಡದವರೂ ಅವನ ಬಗ್ಗೆ ಬರೆದರು.

ತಿಮ್ಚೆಂಕೊ ಮತ್ತವಳ ಸಂಗಡಿಗರು 2014ರ ಅಕ್ಟೋಬರ್ 20ರಂದೇ ಲಾತ್ವಿಯಾದ ರೀಗಾದಿಂದ ‘ಮೆದೂಜಾ’ ಎಂಬ ಸುದ್ದಿತಾಣ ಶುರುಮಾಡಿದ್ದರು. ರಷ್ಯನ್ ಸುದ್ದಿ ಮತ್ತೆ ಪರದೇಶದಿಂದ ಬರತೊಡಗಿತು, 1996ರ ಹಾಗೆ. ಈ ಸಲ ಬರೆಯುವವರಿಗೆ ಊರಿಗೆ ಮರಳುವ ದಾರಿ ಇಲ್ಲ. 2021ರಲ್ಲಿ ಸರ್ಕಾರ ಅದನ್ನು ವಿದೇಶಿ ಏಜೆಂಟ್ ಎಂದಿತು. 2022ರ ಮಾರ್ಚಿನಲ್ಲಿ, ಯುದ್ಧ ಶುರುವಾದ ಮೇಲೆ, ರಷ್ಯಾದೊಳಗೆ ಅದಕ್ಕೆ ಬೀಗ ಹಾಕಿತು. 2023ರ ಜನವರಿಯಲ್ಲಿ ‘ಅನಪೇಕ್ಷಿತ ಸಂಸ್ಥೆ’ ಎಂದು ಸಾರಿತು. ಅಲ್ಲಿಂದ ಮುಂದೆ ರಷ್ಯಾದಲ್ಲಿರುವವರು ಅದರ ಬರಹದ ಕೊಂಡಿಯೊಂದನ್ನು ಹಂಚಿಕೊಂಡರೂ ದಂಡ ತೆರಬೇಕಾಗಿ ಬರಬಹುದು.

ನೊವೊಸಿಬಿರ್ಸ್ಕಿನ ಆ ಗೆಳೆಯರು ಈಗ ನಿವೃತ್ತಿಯ ಹತ್ತಿರ ಇದ್ದಾರೆ. ಅವರ ತಾಯಿ ಇನ್ನೂ ಊರಲ್ಲೇ ಇದ್ದಾರೆ, ಎಂಬತ್ತು ದಾಟಿದೆ. ಮುದುಕಿಯ ಫೋನಿಗೆ ಇವರು ಕೊಂಡಿ ಕಳಿಸುವುದಿಲ್ಲ. ಭಾನುವಾರ ಕರೆ ಮಾಡಿ, ಆರೋಗ್ಯ, ಆಲೂಗಡ್ಡೆ ಬೆಲೆ ಎಲ್ಲ ಆದ ಮೇಲೆ, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ತಾಯಿ ಒಂದೊಂದು ಸಲ, ‘ಇದು ಎಲ್ಲಿ ಬಂದಿದೆಯೋ?’ ಎಂದು ಕೇಳುತ್ತಾರಂತೆ. ಇವರು ಹೇಳುವುದಿಲ್ಲ.